ಜಾರ್ ಮೂರು, ಮೋಟರ್ ಒಂದು



ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳೆಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿರುತ್ತೀರಿ. ಇಂದು ಅದನ್ನು ತಿರುಗಿಸಿ ಓದಿಕೊಳ್ಳಿ. ನಿಮ್ಮಲ್ಲಿ ಅನೇಕರು ಕಂಪ್ಯೂಟರ್ ಓದಿದವರು, ಕೆಲವರು ಅದರಿಂದಲೇ ಅನ್ನ ಸಂಪಾದಿಸುವವರು. ಅಂಥವರ ಮುಂದೆ, ನೀವು 'ಮಾಮಿ' ಎಂದೋ 'ಆಂಟಿ' ಎಂದೋ, ಮರಾಠಿ ಗೆಳೆಯರ ರೂಢಿಯಿಂದ 'ಕಾಕೂ' ಎಂದೋ ಕರೆಯುವ ನನ್ನಂಥ ಗೃಹಿಣಿಯೊಬ್ಬಳು ಬ್ರೌಸರಿನ ಒಳಗಿನ ವಿಚಾರ ಹೇಳಹೊರಟಿದ್ದಾಳೆ. ನಗು ಬಂದರೆ ನಕ್ಕುಬಿಡಿ, ಆದರೆ ಪುಟ ಮಾತ್ರ ತಿರುವಬೇಡಿ. ಈ ವಿಚಾರಕ್ಕೂ ನಮ್ಮ ಕನ್ನಡದ ಒತ್ತಕ್ಷರಕ್ಕೂ ನೇರವಾದ ಸಂಬಂಧವಿದೆ. ನಾನು ಲೇಖನಿ ಹಿಡಿಯಲು ಅದೇ ಕಾರಣ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಇರಬಹುದು, ಎಡ್ಜ್ ಇರಬಹುದು. ಸ್ವಲ್ಪ ಹವ್ಯಾಸವುಳ್ಳವರು ಒಪೆರಾವನ್ನೋ ಬ್ರೇವ್ ಅನ್ನೋ ಹಾಕಿಕೊಂಡಿರುತ್ತೀರಿ. ನಾಲ್ಕರ ಬಣ್ಣ ಬೇರೆ, ಗುಂಡಿಗಳ ಜಾಗ ಬೇರೆ, ನಾಲ್ಕನ್ನು ಹೊರತಂದ ಕಂಪನಿಗಳೂ ಬೇರೆ. ಆದರೆ ನಾಲ್ಕರ ಒಳಗೂ ತಿರುಗುತ್ತಿರುವ ಎಂಜಿನ್ ಒಂದೇ, 'ಬ್ಲಿಂಕ್' ಎಂಬುದು. ನಾಲ್ಕು ಅಂಗಡಿ ಸುತ್ತಿ ಬಂದೆವೆಂದುಕೊಂಡರೆ ನಾಲ್ಕರಲ್ಲೂ ಸಿಕ್ಕಿದ್ದು ಒಂದೇ ಗಿರಣಿಯ ಹಿಟ್ಟು!

ಇದು ಹೇಗೆ ಸಾಧ್ಯ ಎಂದು ತಿಳಿಯಲು ನಮ್ಮ ಅಡುಗೆಮನೆಯ ಮಿಕ್ಸಿಯೇ ಸಾಕು. ಕೆಳಗೆ ಮೋಟರಿನ ಪೆಟ್ಟಿಗೆ, ಮೇಲೆ ಜಾರ್. ಚಟ್ನಿಗೆ ಸಣ್ಣದು, ಸಾರಿನಪುಡಿಗೆ ಮಧ್ಯಮದ್ದು, ದೋಸೆ ಹಿಟ್ಟಿಗೆ ದೊಡ್ಡದು. ಜಾರ್ ಸೋರಿದರೆ ಜಾರ್ ಒಂದನ್ನೇ ಬದಲಾಯಿಸುತ್ತೇವೆ, ಮೋಟರ್ ಸುಟ್ಟರೆ ಅದನ್ನು ಮಾತ್ರ ರಿಪೇರಿಗೆ ಒಯ್ಯುತ್ತೇವೆ. ಎರಡನ್ನೂ ಜೋಡಿಸುವುದು ನಡುವಿನ ಆ ಸಣ್ಣ ಕಪ್ಲರ್. ಅದರ ಅಳತೆ ಸರಿಯಾಗಿದ್ದರೆ ಯಾವ ಜಾರನ್ನು ಬೇಕಾದರೂ ಕೂರಿಸಬಹುದು.

ಬ್ರೌಸರಿನಲ್ಲೂ ಹಾಗೆಯೇ. ಜಾಲತಾಣದಿಂದ ಪುಟವೊಂದು ನಮಗೆ ಚಿತ್ರವಾಗಿ ಬರುವುದಿಲ್ಲ. 'ಇದು ತಲೆಬರಹ, ಇದು ಪ್ಯಾರಾ, ಇಲ್ಲಿ ಚಿತ್ರ' ಎಂಬ ಗುರುತುಗಳಿರುವ ಬರಹವಾಗಿ ಬರುತ್ತದೆ. ಅದನ್ನು ಓದಿ, ವಂಶವೃಕ್ಷದಂತೆ ಜೋಡಿಸಿ, ಯಾವ ಭಾಗಕ್ಕೆ ಯಾವ ಬಣ್ಣ, ಎಷ್ಟು ಗಾತ್ರ, ಸಾಲು ಎಲ್ಲಿ ಮುರಿಯಬೇಕು ಎಂದೆಲ್ಲ ಲೆಕ್ಕ ಹಾಕಿ ಪರದೆಯ ಮೇಲೆ ಬಿಡಿಸುವುದು ಎಂಜಿನ್‌ನ ಕೆಲಸ. ವಿಳಾಸ ಬರೆಯುವ ಪಟ್ಟಿ, ಹಿಂದಕ್ಕೆ ಹೋಗುವ ಬಾಣ, ಟ್ಯಾಬ್‌ಗಳು, ಬುಕ್‌ಮಾರ್ಕ್, ಮೆನು ಇವೆಲ್ಲ ಯೂಸರ್ ಇಂಟರ್‌ಫೇಸ್, ಅಂದರೆ ಹೊರಮುಖ. ಮುಖ ಎಂಜಿನ್‌ಗೆ 'ಈ ವಿಳಾಸ ತೆರೆ', 'ನಿಲ್ಲಿಸು', 'ಹಿಂದಿನ ಪುಟಕ್ಕೆ ನಡೆ' ಎನ್ನುತ್ತದೆ. ಎಂಜಿನ್ ಮುಖಕ್ಕೆ 'ಪುಟದ ಹೆಸರು ಇದು', 'ಅರ್ಧ ಬಂದಿದೆ', 'ಪೂರ್ತಿ ಬಂತು' ಎಂದು ವರದಿ ಒಪ್ಪಿಸುತ್ತದೆ. ಈ ಮಾತುಕತೆಯ ಒಪ್ಪಂದವೇ ಕಪ್ಲರ್. ಒಪ್ಪಂದ ಕೆಡದಿದ್ದರೆ ಎರಡು ಕಡೆಯವರೂ ತಮ್ಮ ತಮ್ಮ ಮನೆಯನ್ನು ಬೇಕಾದಂತೆ ರಿಪೇರಿ ಮಾಡಿಕೊಳ್ಳಬಹುದು.

ಈ ಬೇರ್ಪಡಿಕೆಯ ಕಥೆ ಸ್ವಾರಸ್ಯವಾಗಿದೆ. 1994ರಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ ಕೆಲವು ವರ್ಷ ರಾಜನಂತೆ ಮೆರೆಯಿತು. ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸ್ ಜೊತೆಗೇ ಪುಕ್ಕಟೆ ಕೊಡತೊಡಗಿದ ಮೇಲೆ ಅದರ ದೆಸೆ ಇಳಿಯಿತು. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಮೂಲಸಂಕೇತವನ್ನು ಲೋಕಕ್ಕೆಲ್ಲ ತೆರೆದಿಟ್ಟಿತು. ಅದೇ ಮೊಜಿಲ್ಲಾ ಯೋಜನೆ. ಹಳೆಯ ಎಂಜಿನ್‌ಗೆ ತೇಪೆ ಹಾಕುವುದನ್ನು ಬಿಟ್ಟು ಅವರು ಹೊಸದೊಂದನ್ನು ಕಟ್ಟಿದರು. ಅದಕ್ಕೆ 'ಗೆಕ್ಕೋ' ಎಂದು ಹೆಸರು. ಗೆಕ್ಕೋ ಎಂದರೆ ಹಲ್ಲಿಯ ಒಂದು ಜಾತಿ.

ಮೊದಲಿಗೆ ಈ ಗೆಕ್ಕೋ ಮೇಲೆ ಕೂರಿಸಿದ ಮುಖ ಬಹಳ ದಪ್ಪನಾಗಿತ್ತು. ಬ್ರೌಸರ್, ಅಂಚೆ, ಪುಟ ಬರೆಯುವ ಸಾಧನ ಎಲ್ಲವೂ ಒಂದೇ ಗಂಟಿನಲ್ಲಿ. ಆದರೆ ಎಂಜಿನ್ ಬೇರೆಯಾಗಿ ಸಿಗುತ್ತಿದ್ದುದರಿಂದ ಬೇರೆಯವರು ಸುಮ್ಮನೆ ಕೂರಲಿಲ್ಲ. ಲಿನಕ್ಸ್ ಬಳಸುವವರು ಅದರ ಮೇಲೆ ಗೇಲಿಯಾನ್ ಎಂಬ ಹಗುರ ಬ್ರೌಸರ್ ಕಟ್ಟಿದರು. ವಿಂಡೋಸ್‌ಗೆ ಕೆ-ಮೆಲಿಯಾನ್ ಬಂತು, ಆ್ಯಪಲ್‌ನ ಮ್ಯಾಕ್‌ಗೆ ಕಮಿನೋ ಬಂತು. ಮೊಜಿಲ್ಲಾ ಒಳಗೇ ಇದ್ದ ಕೆಲವು ತರುಣರು ಅದೇ ಎಂಜಿನ್‌ಗೆ ಸಪೂರವಾದ ಹೊಸ ಮುಖವೊಂದನ್ನು ತೊಡಿಸಿ 2002ರಲ್ಲಿ 'ಫೀನಿಕ್ಸ್' ಎಂದು ಹೊರತಂದರು. ಹೆಸರಿನ ತಕರಾರುಗಳಿಂದ ಅದು 'ಫೈರ್‌ಬರ್ಡ್' ಆಗಿ, ಕಡೆಗೆ 'ಫೈರ್‌ಫಾಕ್ಸ್' ಆಯಿತು. 2004ರ ನವೆಂಬರಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂದಾಗ ಜನ ಹೊಸ ಬ್ರೌಸರ್ ಬಂತೆಂದು ಸಂಭ್ರಮಪಟ್ಟರು. ಬದಲಾದದ್ದು ಹೆಚ್ಚಾಗಿ ಜಾರ್, ಮೋಟರ್ ಆಗಲೇ ಸಿದ್ಧವಿತ್ತು!

ಇದಕ್ಕೆ ತಿರುವುಮುರುವಾದದ್ದೂ ನಡೆಯಿತು. 2005ರಲ್ಲಿ ಬಂದ ನೆಟ್‌ಸ್ಕೇಪ್‌ನ 8ನೆಯ ಆವೃತ್ತಿಯಲ್ಲಿ ಮುಖ ಒಂದು, ಎಂಜಿನ್ ಎರಡು. ಬೇಕೆಂದಾಗ ಗೆಕ್ಕೋದಿಂದ, ಬೇಕೆಂದಾಗ ತನ್ನನ್ನು ಮಣಿಸಿದ ಎಕ್ಸ್‌ಪ್ಲೋರರಿನ ಎಂಜಿನ್‌ನಿಂದಲೇ ಅದು ಪುಟ ತೋರಿಸುತ್ತಿತ್ತು. ವೈರಿಯ ಮನೆಯ ಒಲೆಯಲ್ಲಿ ನಮ್ಮ ಮನೆಯ ಹೋಳಿಗೆ ಬೇಯಿಸಿದ ಹಾಗೆ. ಎಂಜಿನ್ ಮತ್ತು ಮುಖ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಇನ್ನು ನನ್ನಂಥವಳಿಗೆ ಈ ಸಂಗತಿ ತಿಳಿದದ್ದು ಹೇಗೆ ಎಂದು ಕೇಳುವಿರಿ. ಫೈರ್‌ಫಾಕ್ಸ್‌ನ ಮುಖವನ್ನು ಕನ್ನಡಕ್ಕೆ ತರುವ ಕೆಲಸ ಸ್ವಯಂಸೇವಕರದು. ಮೆನುವಿನ ಮಾತುಗಳು, ಗುಂಡಿಯ ಹೆಸರುಗಳು, ಎಚ್ಚರಿಕೆಯ ವಾಕ್ಯಗಳು ಎಲ್ಲವೂ ಪ್ರೋಗ್ರಾಮಿನಿಂದ ಬೇರೆಯಾಗಿ, ತಮ್ಮದೇ ಕಡತಗಳಲ್ಲಿ ಇರುತ್ತವೆ. ಅವನ್ನು ಅನುವಾದಿಸಲು ಎಂಜಿನ್‌ನ ಒಂದು ಸಾಲೂ ತಿಳಿದಿರಬೇಕಾಗಿಲ್ಲ. ಮಕ್ಕಳು ಕೆಲಸಕ್ಕೆ ಸೇರಿ, ಮಧ್ಯಾಹ್ನಗಳು ನನ್ನ ಪಾಲಿಗೆ ಖಾಲಿಯಾದ ಮೇಲೆ, ಬಂಧುಗಳ ಹುಡುಗನೊಬ್ಬ 'ನೀವು ಇಂಗ್ಲಿಷ್ ಬಿ.ಎ. ಮಾಡಿದವರು, ಕನ್ನಡವೂ ಗಟ್ಟಿ, ಇದನ್ನೇಕೆ ಮಾಡಬಾರದು ಅತ್ತೆ?' ಎಂದು ದಾರಿ ತೋರಿಸಿಕೊಟ್ಟ. ಮೊಜಿಲ್ಲಾದವರ ಅನುವಾದದ ಏರ್ಪಾಡಿಗೆ 'ಪೊಂಟೂನ್' ಎಂದು ಹೆಸರು. ಎಡಗಡೆ ಇಂಗ್ಲಿಷ್ ವಾಕ್ಯ, ಬಲಗಡೆ ನಮ್ಮ ಕನ್ನಡ. ಕುಕ್ಕರ್ ಕೂಗುವುದರೊಳಗೆ ಹತ್ತು ವಾಕ್ಯ ಮುಗಿಸಿದ ದಿನಗಳಿವೆ, ಒಂದು ಪದಕ್ಕಾಗಿ ಮೂರು ದಿನ ಕಳೆದದ್ದೂ ಇದೆ. 'ಬುಕ್‌ಮಾರ್ಕ್' ಎಂಬುದು 'ಪುಟಗುರುತು' ಎಂದಾದಾಗ ನಾಲಿಗೆಗೆ ಹಿತವಾಯಿತು. 'ಟ್ಯಾಬ್'ಗೆ 'ಹಾಳೆ' ಎನ್ನೋಣವೇ, 'ಟ್ಯಾಬ್' ಎಂದೇ ಬಿಡೋಣವೇ ಎಂದು ಊಟದ ಹೊತ್ತಿನಲ್ಲಿ ಮನೆಯವರೊಡನೆ ಚರ್ಚೆಯೇ ನಡೆಯಿತು.

ಆ ಕೆಲಸದಲ್ಲೇ ಒಂದು ತೊಡಕು ಎದುರಾಯಿತು. ಕೆಲವು ವಾಕ್ಯಗಳಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಯಂತ್ರ ಅಲ್ಲಿ ಯಾವುದಾದರೂ ಹೆಸರನ್ನು ಆಮೇಲೆ ತುಂಬುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ 'ಇನ್' ಎಂದು ಇಟ್ಟರೆ ಮುಗಿಯಿತು, ಹೆಸರು ಯಾವುದಾದರೂ ಆಗಲಿ. ನಮ್ಮಲ್ಲಿ ವಿಭಕ್ತಿಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ. ಮುಂಬಯಿಯಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ, ಧಾರವಾಡದಲ್ಲಿ: ಹೆಸರು ನಾಲ್ಕು, ಅಂಟುವ ಬಗೆ ಮೂರು. ಬರಲಿರುವ ಹೆಸರು ಯಾವುದೆಂದು ತಿಳಿಯದೆ 'ಯಲ್ಲಿ' ಎಂದು ಬರೆಯಬೇಕೋ, 'ನಲ್ಲಿ' ಎನ್ನಬೇಕೋ, 'ದಲ್ಲಿ' ಎನ್ನಬೇಕೋ? ಕೊನೆಗೆ 'ಎಂಬುದರಲ್ಲಿ' ಎಂದು ಸೇರಿಸಿ ಪಾರಾಗುವುದೇ ದಾರಿಯಾಯಿತು. ಕಾಲೇಜಿನಲ್ಲಿ ಷೇಕ್ಸ್‌ಪಿಯರ್ ಓದಿದಾಗ ಹೊಳೆಯದ ಕನ್ನಡ ವ್ಯಾಕರಣ ಬ್ರೌಸರಿನ ಮೆನುವಿನಿಂದ ಹೊಳೆಯಿತು!

ನೋಡಿ, ಮುಖವನ್ನು ಎಂಜಿನ್‌ನಿಂದ ಬೇರ್ಪಡಿಸಿದ್ದರ ದೊಡ್ಡ ಪುಣ್ಯ ಇದೇ. ಮೋಟರ್ ಬಿಚ್ಚಲು ಬಾರದವಳೂ ಜಾರಿಗೆ ಕೈಹಚ್ಚಬಹುದು.

ಆದರೆ ಅದೇ ಕೆಲಸ ಇನ್ನೊಂದು ಸತ್ಯವನ್ನೂ ತೋರಿಸಿಕೊಟ್ಟಿತು. ಮೆನುವಿನಲ್ಲಿ ಕನ್ನಡ ಬರೆದದ್ದು ನಾವು, ಆ ಕನ್ನಡವನ್ನು ಅಕ್ಷರವಾಗಿ ಬಿಡಿಸುವವರು ನಾವಲ್ಲ. ಪುಟದ ಮೇಲಿನ ಕನ್ನಡದ ಗತಿಯಂತೂ ಪೂರ್ತಿ ಎಂಜಿನ್‌ನ ಕೈಯಲ್ಲಿ. 'ಸ್ತ್ರೀ' ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅದು ಆರು ಸಂಕೇತಗಳ ಸಾಲು: ಸಕಾರ, ಹಲಂತದ ಗುರುತು, ತಕಾರ, ಮತ್ತೆ ಹಲಂತ, ರಕಾರ, ಕಡೆಗೆ ದೀರ್ಘದ ಈ-ಕಾರ. ಮರಾಠಿ ಓದಿ ಬೆಳೆದ ನಿಮಗೆ ದೇವನಾಗರಿಯಲ್ಲಿ ಅರ್ಧ 'ಸ' ಪಕ್ಕಕ್ಕೆ ಒರಗಿ ನಿಲ್ಲುವುದು ಗೊತ್ತು. ಕನ್ನಡದಲ್ಲಿ ಹಾಗಲ್ಲ. ಸಕಾರ ಮೇಲೆ ಪೂರ್ತಿಯಾಗಿ ನಿಂತು ಈ-ಕಾರವನ್ನು ತಾನೇ ಹೊರುತ್ತದೆ, ತಕಾರ ರಕಾರಗಳು ಒತ್ತಾಗಿ ಕೆಳಗಿಳಿಯುತ್ತವೆ. ಸಾಲಿನ ಕೊನೆಯಲ್ಲಿರುವ ಈ-ಕಾರವನ್ನು ಹುಡುಕಿ ತಂದು ಮೊದಲ ಅಕ್ಷರದ ತಲೆಗೆ ಕಟ್ಟಬೇಕು. 'ಸೂರ್ಯ' ಎಂಬಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರಕಾರ ಅರ್ಕಾವತ್ತಾಗಿ ಯಕಾರದ ಆಚೆಗೆ ಹೋಗಿ ಕೂರಬೇಕು. ಅಜ್ಜ ಅಜ್ಜಿಯರು ಮರಳ ಮೇಲೆ ತಿದ್ದಿ ಕಲಿತದ್ದನ್ನೆಲ್ಲ ಎಂಜಿನ್ ಕಣ್ಣು ಮಿಟುಕಿಸುವುದರೊಳಗೆ ಮಾಡಬೇಕು.

ಈ ಅಕ್ಷರ ಜೋಡಣೆಗೆಂದೇ ಎಂಜಿನ್ ಒಳಗೆ ಒಂದು ಬೇರೆ ಭಾಗವಿದೆ. ಇಂದು ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಇದಕ್ಕೆ 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಹಿಂದಿಯಲ್ಲಿ ನೀವು ಕೇಳಿರುವ 'ಹರ್ಫ್', ಅಂದರೆ ಅಕ್ಷರ, ಈ ಪಾರಸಿ ಹೆಸರಿನಲ್ಲೂ ಇದೆ. ಆ್ಯಪಲ್ ತನ್ನ ಸಫಾರಿಯಲ್ಲಿ ತನ್ನದೇ ಆದ ಬೇರೆ ಏರ್ಪಾಡು ಇಟ್ಟುಕೊಂಡಿದೆ. ಅಕ್ಷರ ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪತ್ರಿಕೆಗಳಲ್ಲಿ ಲೇಖನದ ಮೊದಲ ಅಕ್ಷರವನ್ನು ದೊಡ್ಡದಾಗಿ ಅಚ್ಚು ಹಾಕುವ ಅಲಂಕಾರವಿದೆಯಲ್ಲ, ಅದನ್ನು ಜಾಲತಾಣದಲ್ಲಿ ಮಾಡುವಾಗ 'ಸ್ತ್ರೀ' ಪೂರ್ತಿ ದೊಡ್ಡದಾಗಬೇಕೇ ಹೊರತು 'ಸ' ಒಂದೇ ದೊಡ್ಡದಾಗಿ ಒತ್ತು, ಗುಣಿತಗಳು ಕಳಚಿ ಬೀಳಬಾರದು. ಕನ್ನಡದಲ್ಲಿ 'ಒಂದು ಅಕ್ಷರ' ಎಂದರೇನು ಎಂಬ ಅರಿವು ಎಂಜಿನ್‌ಗೆ ಇರಬೇಕು. ಮುಖಕ್ಕೆ ಎಷ್ಟು ಚೆಂದದ ಕನ್ನಡ ಬರೆದರೂ ಈ ಅರಿವನ್ನು ತುಂಬಲು ಆಗದು. ನಾಮಫಲಕ ಕನ್ನಡದಲ್ಲಿದ್ದು ಒಳಗೆ ಕನ್ನಡ ಬಲ್ಲವರಿಲ್ಲದ ಕಚೇರಿಯ ಹಾಗೆ ಅದು.

ಒಂದೇ ಎಂಜಿನ್ ಮೆರೆದ ಕಾಲ ಹೇಗಿತ್ತೆಂದು ನಿಮಗೆ ಗೊತ್ತಿರಲಾರದು. ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2001ರಲ್ಲಿ. ಅದೇ ವರ್ಷ ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿ ಬಂತು. ಎದುರಾಳಿಯೇ ಇಲ್ಲವೆಂಬಂತಾಗಿ ಮುಂದಿನ ಆವೃತ್ತಿ ಬರಲು 2006ರ ಅಕ್ಟೋಬರ್ ಆಗಬೇಕಾಯಿತು. ಐದು ವರ್ಷ! ಆಗ ಕನ್ನಡ ಪತ್ರಿಕೆಗಳ ತಾಣಗಳಲ್ಲಿ ಇಂದಿನ ಯುನಿಕೋಡ್ ಬಳಕೆ ಇನ್ನೂ ಬೇರೂರಿರಲಿಲ್ಲ. ಇಂಗ್ಲಿಷ್ ಅಕ್ಷರದ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುವ ಫಾಂಟುಗಳು, ಒಬ್ಬೊಬ್ಬರದು ಒಂದೊಂದು ರೀತಿ. ಪುಟದ ಜೊತೆಗೇ ಫಾಂಟನ್ನೂ ಕಳಿಸುವ ಒಂದು ಉಪಾಯವನ್ನು ಹಲವರು ಅನುಸರಿಸಿದರು, ಆದರೆ ಆ ಬಗೆಯ ಫಾಂಟನ್ನು ಬಿಚ್ಚಬಲ್ಲ ಬ್ರೌಸರ್ ಎಕ್ಸ್‌ಪ್ಲೋರರ್ ಒಂದೇ. ನಾನು ದಿನವೂ ತೆರೆಯುತ್ತಿದ್ದ ಪತ್ರಿಕೆಯ ಪುಟ ಬೇರೆ ಬ್ರೌಸರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣಿಸುತ್ತಿತ್ತು. ಟೆಲಿಫೋನ್ ತಂತಿಯಲ್ಲಿ ನಿಮಿಷಕ್ಕೆ ಇಷ್ಟೆಂದು ದುಡ್ಡು ತೆತ್ತು ತವರಿನ ಕಡೆಯ ಮಳೆ ಬೆಳೆಯ ಸುದ್ದಿ ಓದಲು ಕುಳಿತವಳಿಗೆ ಸಿಗುತ್ತಿದ್ದುದು ಅದು. ನನ್ನ ನುಡಿಯನ್ನು ನಾನು ಓದಬೇಕಾದರೆ ಇಂಥದೇ ಕಂಪನಿಯ ಕಿಟಕಿಯಿಂದ ಇಣುಕಬೇಕೆಂಬುದು ಯಾವ ನ್ಯಾಯ? ಆ ಪತ್ರಿಕೆಯವರನ್ನು ನಾನು ದೂರುವುದಿಲ್ಲ. ಓದುಗರೆಲ್ಲ ಒಂದೇ ಎಂಜಿನ್ ಬಳಿ ಇದ್ದರೆ ಅಂಗಡಿಯವರು ಅದಕ್ಕೇ ಸಾಮಾನು ಜೋಡಿಸುತ್ತಾರೆ. ಗೆಕ್ಕೋ ಮತ್ತು ಸಫಾರಿಯ ಎಂಜಿನ್‌ಗಳು ಪೈಪೋಟಿಗೆ ಬಂದು, ಎಲ್ಲರಿಗೂ ಒಂದೇ ನಿಯಮ ಎಂಬ ಮಾತಿಗೆ ಬಲ ಬಂದ ಮೇಲೆ, ಯುನಿಕೋಡ್ ಕನ್ನಡವೂ ಜೊತೆಗೂಡಿ, ಇಂದು ಯಾವ ಬ್ರೌಸರಿನಲ್ಲಾದರೂ ಓದುವ ಭಾಗ್ಯ ನಮ್ಮದಾಯಿತು.

ಈಗ ಗಾಳಿ ಮತ್ತೆ ಹಳೆಯ ದಿಕ್ಕಿಗೆ ತಿರುಗುತ್ತಿದೆ. ಲಿನಕ್ಸ್‌ನ ಕೆ.ಡಿ.ಇ. ಬಳಗದವರ 'ಕೆ-ಎಚ್‌ಟಿಎಮ್‌ಎಲ್' ಎಂಬ ಎಂಜಿನ್‌ನಿಂದ ಆ್ಯಪಲ್ ತನ್ನ 'ವೆಬ್‌ಕಿಟ್' ಕಟ್ಟಿ 2003ರಲ್ಲಿ ಸಫಾರಿ ತಂದಿತು. ಅದೇ ವೆಬ್‌ಕಿಟ್ ಮೇಲೆ 2008ರಲ್ಲಿ ಗೂಗಲ್‌ನ ಕ್ರೋಮ್ ಬಂತು. 2013ರಲ್ಲಿ ಗೂಗಲ್ ಬೇರೆ ಒಲೆ ಹೂಡಿತು, ಅದೇ ಬ್ಲಿಂಕ್. ಆ ವರ್ಷವೇ ಒಪೆರಾ ತನ್ನ ಸ್ವಂತ ಎಂಜಿನ್ ಬಿಟ್ಟು ಗೂಗಲ್ ಕಡೆಯ ಎಂಜಿನ್‌ಗೆ ಬಂತು. ಮೈಕ್ರೋಸಾಫ್ಟ್ ಕೂಡ 2020ರ ಜನವರಿಯಿಂದ ಎಡ್ಜ್‌ನಲ್ಲಿ ಅದನ್ನೇ ಕೂರಿಸಿತು. ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. 2010ರಲ್ಲಿ ಅಲ್ಲಿನ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ಭಾರತೀಯ ಭಾಷೆಗಳಲ್ಲಿ ಬರೆಯುವ ಅನುಕೂಲವಿದ್ದ 'ಎಪಿಕ್' ಬ್ರೌಸರನ್ನು ಮೊಜಿಲ್ಲಾದ ಅಡಿಪಾಯದ ಮೇಲೆ ತಂದಿತು. 2013ರಲ್ಲಿ ಹೆಸರು ಎಪಿಕ್ ಎಂದೇ ಉಳಿದು ಅಡಿಪಾಯ ಗೂಗಲ್‌ನ ಕ್ರೋಮಿಯಂ ಆಯಿತು. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಡೆಸಿದ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೋ ಕಂಪನಿಗೆ ಸಂದಿತು. ಅವರ 'ಉಲಾ' ಕೂಡ ಕ್ರೋಮಿಯಂ ಮೇಲೆಯೇ ನಿಂತಿದೆ. ಇದರಲ್ಲಿ ಅವಮಾನವೇನೂ ಇಲ್ಲ. ಎಂಜಿನ್ ಮುಕ್ತವಾಗಿ ಸಿಗುವುದರಿಂದಲೇ ಸಣ್ಣ ತಂಡಗಳೂ ಬ್ರೌಸರ್ ತರಲು ಸಾಧ್ಯವಾಗಿದೆ, ಗುಟ್ಟು ಕಾಯುವ ಒಳ್ಳೆಯ ಗುಣಗಳನ್ನು ಸೇರಿಸಲು ಸಾಧ್ಯವಾಗಿದೆ. ಆದರೆ ಎಂಜಿನ್ ಯಾವ ದಿಕ್ಕಿಗೆ ಸಾಗಬೇಕು ಎಂಬ ತೀರ್ಮಾನದಲ್ಲಿ ಗೂಗಲ್‌ನ ಮಾತಿಗೇ ತೂಕ ಹೆಚ್ಚು.

ಐಫೋನಿನ ಕಥೆ ಇನ್ನೂ ಸೋಜಿಗದ್ದು. ಅಲ್ಲಿ ಯಾವ ಬ್ರೌಸರ್ ಹಾಕಿಕೊಂಡರೂ ಒಳಗೆ ಆ್ಯಪಲ್‌ನ ವೆಬ್‌ಕಿಟ್ಟೇ ಇರಬೇಕೆಂದು ಆ ಕಂಪನಿ ನಿಯಮ ಮಾಡಿತು. ಕ್ರೋಮ್ ಎಂದು ಹೆಸರಿದ್ದರೂ ವೆಬ್‌ಕಿಟ್, ಫೈರ್‌ಫಾಕ್ಸ್ ಎಂದಿದ್ದರೂ ವೆಬ್‌ಕಿಟ್. ಐರೋಪ್ಯ ಒಕ್ಕೂಟದ ಕಾನೂನಿನ ಒತ್ತಾಯದಿಂದ 2024ರ ಮಾರ್ಚ್‌ನಲ್ಲಿ ಅಲ್ಲಿನ ಬಳಕೆದಾರರ ಮಟ್ಟಿಗೆ ಈ ನಿಯಮ ಸಡಿಲವಾಯಿತು.

ಹೀಗೆ ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಂಜಿನ್‌ಗಳು ಮೂರೇ: ಬ್ಲಿಂಕ್, ವೆಬ್‌ಕಿಟ್, ಗೆಕ್ಕೋ. ಮೊದಲ ಎರಡರ ಬೆನ್ನಿಗೆ ಭಾರಿ ಕಂಪನಿಗಳಿವೆ. ಹೊಸದಾಗಿ ಎಂಜಿನ್ ಕಟ್ಟುವ ಸಾಹಸಿಗಳು ಇಲ್ಲದಿಲ್ಲ. ಮೊಜಿಲ್ಲಾದಲ್ಲಿ ಹುಟ್ಟಿ 2020ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಬಂದ 'ಸರ್ವೋ' ಇದೆ, ಬುಡದಿಂದ ಹೊಸದಾಗಿ ಬರೆಯುತ್ತಿರುವ 'ಲೇಡಿಬರ್ಡ್' ಇದೆ. ಇಂಥ ಎಂಜಿನ್‌ಗಳಿಗೆ ಒತ್ತಕ್ಷರ ಸರಿಯಾಗಿ ಬರುತ್ತದೆಯೇ, ಕನ್ನಡದ ಸಾಲು ಸರಿಯಾದ ಜಾಗದಲ್ಲಿ ಮುರಿಯುತ್ತದೆಯೇ ಎಂದು ನೋಡುವವರು ಯಾರು? ಜರ್ಮನಿಯವನೋ ಅಮೆರಿಕದವನೋ ನೋಡಲಾರ. ಅವನಿಗೆ ದುರುದ್ದೇಶವಿದೆಯೆಂದಲ್ಲ, ಅರ್ಕಾವತ್ತು ತಪ್ಪಾಗಿ ಕೂತದ್ದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಬೀಳುವುದು ನಿಮ್ಮ ಕಣ್ಣಿಗೆ.

ಈ ಮಾತು ಹೇಳಲೆಂದೇ ಇಷ್ಟು ದೂರ ಕರೆತಂದೆ. 'ನಮಗೆ ಕನ್ನಡ ಸರಾಗವಾಗಿ ಓದಲು ಬಾರದು, ನಮ್ಮಿಂದ ಕನ್ನಡಕ್ಕೇನು ಪ್ರಯೋಜನ' ಎಂದು ಸಂಘದ ಸಭೆಗಳಲ್ಲಿ ನಿಮ್ಮಲ್ಲಿ ಕೆಲವರು ಸಂಕೋಚಪಡುವುದನ್ನು ಕಂಡಿದ್ದೇನೆ. ಕಾದಂಬರಿ ಬರೆಯಬೇಕಾಗಿಲ್ಲ, ರಾಜ್ಯೋತ್ಸವದಲ್ಲಿ ಭಾಷಣ ಮಾಡಬೇಕಾಗಿಲ್ಲ. ನಿಮಗೆ ಪ್ರೋಗ್ರಾಮ್ ಬರೆಯಲು ಬರುತ್ತದೆ, ಒತ್ತು ಎಲ್ಲಿರಬೇಕೆಂದು ಗೊತ್ತಿದೆ. ಈ ಎರಡೂ ಒಟ್ಟಿಗೆ ಇರುವವರು ಲೋಕದಲ್ಲಿ ಬಹಳ ಮಂದಿ ಇಲ್ಲ. ಒಂದು ಭಾನುವಾರ ಎರಡು ಬೇರೆ ಎಂಜಿನ್‌ಗಳ ಬ್ರೌಸರುಗಳಲ್ಲಿ ಒಂದೇ ಕನ್ನಡ ಪುಟ ತೆರೆದು ಅಕ್ಕಪಕ್ಕ ಇಟ್ಟು ನೋಡಿ. ತಪ್ಪು ಕಂಡರೆ ಯಾವ ಪದ, ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು ಎಂದು ಚಿತ್ರಸಹಿತ ಬರೆದು ಅದನ್ನು ಕಟ್ಟುವವರಿಗೆ ತಿಳಿಸಿ. ತಿದ್ದಲು ಬಂದರೆ ನೀವೇ ತಿದ್ದಿ ಕೊಡಿ. ಒಮ್ಮೆ ಎಂಜಿನ್‌ನಲ್ಲಿ ತಿದ್ದಿದ ಅಕ್ಷರ ಅದರ ಮೇಲೆ ಕೂರುವ ಎಲ್ಲ ಮುಖಗಳಲ್ಲೂ ತಿದ್ದಿಕೊಳ್ಳುತ್ತದೆ.

ಮುಖಕ್ಕೆ ಕನ್ನಡ ಬರೆಯುವ ಕೆಲಸವನ್ನು ನಮ್ಮಂಥವರು ಮಧ್ಯಾಹ್ನದ ಬಿಡುವಿನಲ್ಲಿ ಹೇಗೋ ಮಾಡುತ್ತೇವೆ. ಎಂಜಿನ್‌ಗೆ ಕನ್ನಡ ಕಲಿಸುವ ಕೆಲಸ ಮಾತ್ರ ನಿಮ್ಮದು, ಮಕ್ಕಳೇ. ಅದಕ್ಕೆ ಬೇಕಾದ ವಿದ್ಯೆ ನಿಮ್ಮಲ್ಲಿದೆ. ಯಾವ ಪದ ಹೇಗಿರಬೇಕೆಂಬ ಸಂದೇಹ ಬಂದರೆ ಸಂಘದ ಗ್ರಂಥಾಲಯಕ್ಕೆ ಬನ್ನಿ, ನಿಘಂಟು ಇಟ್ಟುಕೊಂಡು ಜೊತೆಗೆ ಕೂತು ನೋಡೋಣ.